ಸವಾರಜ್ಜನ ಕೋವಿಗೆ ಒಂದು ಹಿಡಿ ಹುರುಳಿ

ಎಲ್ಲ ಶುರುವಾದದ್ದು ಒಂದು ಸೀನಿನಿಂದ.

ಹೋದ ವರ್ಷದ ವಿಜಯದಶಮಿಯ ಸಂಜೆ ಸವಾರನಹಳ್ಳಿಯ ಜನವೆಲ್ಲ ಬನ್ನಿಮರದ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ತೀರ್ಥಪ್ಪ ತನ್ನ ಮನೆತನದ ಕೋವಿಯನ್ನು ಹೆಗಲಿಗೇರಿಸಿ, ಎದುರಿಗೆ ನೆಟ್ಟಿದ್ದ ಬಾಳೆಕಂಬಕ್ಕೆ ಗುರಿಯಿಟ್ಟು, ಬಾಯಿ ತೆರೆದು "ಢಂ" ಅನ್ನಬೇಕಿತ್ತು. ವಾರದಿಂದ ನೆಗಡಿಯಾಗಿದ್ದ ಮನುಷ್ಯ, "ಆಕ್ಷೀ" ಅಂದುಬಿಟ್ಟ. ಕಂಬದ ಹಿಂದೆ ಮಚ್ಚು ಹಿಡಿದು ಕೂತಿದ್ದ ಆಳು ನಗು ತಡೆಯಲಾರದೆ ಕಂಬ ಕಡಿಯುವುದನ್ನೇ ಮರೆತ. ಆ ನಗು ಮುಂದಿನ ಸಂತೆಯ ಹೊತ್ತಿಗೆ ಅಜ್ಜಂಪುರ ಮುಟ್ಟಿ, ಅಲ್ಲಿಂದ ರೈಲು ಹತ್ತಿ ಬೀರೂರಿಗೂ ಹೋಯಿತು.

ಕೋವಿ ಕೈಯಲ್ಲಿರುವಾಗ ಬಾಯಲ್ಲಿ ಢಂ ಅನ್ನುವುದು ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಊರಿನವರು ಕೇಳುವುದಿಲ್ಲ. ಅವರಿಗೆ ಗೊತ್ತು. ತೀರ್ಥಪ್ಪನ ಮನೆತನದ ಮೂಲಪುರುಷ ಸವಾರಜ್ಜ. ಮಹಾರಾಜರ ಕುದುರೆ ಪಡೆಯಲ್ಲಿದ್ದವನು. ಪಡೆ ಬಿಟ್ಟು ಬರುವಾಗ ತನ್ನ ಕುದುರೆಯನ್ನೂ, ಅದರ ಮೇಲೆ ಕೂತು ಹಾರಿಸುವ ಗಿಡ್ಡ ಕೋವಿಯನ್ನೂ ತಂದು ಇಲ್ಲಿ ನೆಲೆ ನಿಂತ. ವರ್ಷಕ್ಕೊಮ್ಮೆ ಆ ಕೋವಿಯ ಒಂದು ಗುಂಡಿಗೆ ಬಾಳೆಕಂಬ ಬೀಳಬೇಕು. ಬಿದ್ದ ಮೇಲೇ ಊರಿನವರು ಬನ್ನಿಸೊಪ್ಪಿಗೆ ಕೈ ಹಚ್ಚಬೇಕು. ಆ ಮರ್ಯಾದೆ ಮನೆಯ ಹಿರೀಮಗನದು.

ಕೊನೆಯ ಸಲ ಹಾರಿಸಿದವರು ತೀರ್ಥಪ್ಪನ ತಾತ ಓಂಕಾರಪ್ಪ. ಗುಂಡು ಹಾರಿದ್ದೇ ತಡ, ತಾತ ಉರುಳಿಬಿದ್ದರು. ಅವರ ಪುಣ್ಯತಿಥಿಯನ್ನು ಮನೆಯಲ್ಲಿ ಇವತ್ತಿಗೂ ವಿಜಯದಶಮಿಯ ದಿನವೇ ಮಾಡುತ್ತಾರೆ. ತನ್ನ ಕೋವಿಯನ್ನು ಇನ್ನೊಬ್ಬ ಹಾರಿಸುವುದು ಸವಾರಜ್ಜನಿಗೆ ಹಿಡಿಸದು ಎಂದು ಊರು ತೀರ್ಮಾನ ಮಾಡಿತು. ತೀರ್ಥಪ್ಪನ ಅಪ್ಪ ಬದುಕಿದ್ದಷ್ಟು ಕಾಲವೂ ಬಾಯಲ್ಲೇ ಢಂ ಅಂದು, ನೆಮ್ಮದಿಯಾಗಿ ಹಾಸಿಗೆಯ ಮೇಲೆ ಕಣ್ಣುಮುಚ್ಚಿದ. ಆಮೇಲೆ ಢಂ ಅನ್ನುವ ಸರದಿ ತೀರ್ಥಪ್ಪನದು.

ತೀರ್ಥಪ್ಪ ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆದುಕೊಡುವವನು. ದಿನವಿಡೀ ಸೀಮೆಎಣ್ಣೆಯ ಜೊತೆ ಇದ್ದೂ ಇದ್ದೂ ಬೆಂಕಿಕಡ್ಡಿ ಗೀರಿದರೂ ಬೆಚ್ಚುವವನಾಗಿದ್ದ. ದೀಪಾವಳಿಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಕೂತುಬಿಡುವ ಜೀವ. ಅಂಥವನ ದಾಯಾದಿ ತಮ್ಮ ರೇವಣಪ್ಪ ಈ ಸಲ ನವರಾತ್ರಿ ಶುರುವಾಗುತ್ತಲೇ ಜಗಲಿಗೆ ಬಂದು ಕೂತ.

"ತೀರ್ಥಣ್ಣ, ಸೀನಿನ ಕತೆ ಸಾಕು. ಹೋದ ಕಡೆಯೆಲ್ಲ ಆಕ್ಷೀ ಅಂತಾರೆ. ಈ ಸಲ ಕೋವಿ ನಿಜವಾಗ್ಲೂ ಹಾರ್ಬೇಕು. ಆಗಲ್ಲ ಅಂದ್ರೆ ಹೇಳು, ಮರ್ಯಾದೆ ನಮ್ಮನೆಗೆ ಬರ್ಲಿ. ನಾನೊಂದು ತೋಟಾ ಕೋವಿ ತಂದು ಹಾರಿಸ್ತೀನಿ."

ತೀರ್ಥಪ್ಪ ಸಂತೋಷದಿಂದ "ಆಗ್ಲಪ್ಪ, ನಿಮ್ಮನೆಗೇ..." ಎಂದು ಶುರುಮಾಡುವುದಕ್ಕೂ ಒಳಗಿನಿಂದ ತಾಯಿ ಕಲ್ಲಮ್ಮನ ದನಿ ಬರುವುದಕ್ಕೂ ಸರಿಹೋಯಿತು.

"ನನ್ನ ಮಗನೇ ಹಾರಿಸ್ತಾನೆ ಕಣೋ ರೇವಣ್ಣ! ಹೋಗು, ಊರಿಗೆ ಹೇಳು ಹೋಗು!"

ರೇವಣಪ್ಪ ಹೇಳಿದ. ಹೀಗೆ ತೀರ್ಥಪ್ಪನ ಸಾವು ನಿಶ್ಚಯವಾಯಿತು. ಅವನಿಗಂತೂ ಅದರಲ್ಲಿ ಅನುಮಾನವಿರಲಿಲ್ಲ.

ಕೋವಿ ಗೋಡೆಯಿಂದ ಇಳಿಯುವುದು ಮಹಾನವಮಿಗೆ. ಪೂಜೆಗೆ ಕೂತದ್ದನ್ನು ದಶಮಿಯ ಬೆಳಿಗ್ಗೆಯವರೆಗೆ ಕದಲಿಸುವಂತಿಲ್ಲ. ಇಷ್ಟು ಕಾಲ ಹಾರದೆ ಜಡ್ಡುಗಟ್ಟಿದ್ದನ್ನು ರಿಪೇರಿ ಮಾಡಿಸುವುದೆಂದರೆ ದಶಮಿಯ ಬೆಳಿಗ್ಗೆಗೂ ಸಂಜೆಗೂ ನಡುವೆಯೇ ಮಾಡಿಸಬೇಕು. ಅವತ್ತು ಕಲ್ಲಮ್ಮ ಬೆಳಕು ಹರಿಯುವ ಮುಂಚೆ ಮಗನನ್ನು ಎಬ್ಬಿಸಿ, ಚಿಕ್ಕ ಮಗುವಿಗೆ ಹಚ್ಚಿದ ಹಾಗೆ ಮೈತುಂಬ ಹರಳೆಣ್ಣೆ ಹಚ್ಚಿ, ಬಿಸಿಬಿಸಿ ನೀರು ಹುಯ್ದಳು. ಹುಯ್ಯುತ್ತ ಹುಯ್ಯುತ್ತ ಕಣ್ಣೊರೆಸಿಕೊಂಡಳು. ಆದರೆ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಏನೋ ಕಾತರವಿತ್ತು. ಬಹಳ ದಿನದ ಮೇಲೆ ನೆಂಟರು ಬರುವ ದಿನ ಅವಳ ಮುಖ ಹಾಗಿರುತ್ತಿತ್ತು.

"ಯಾಕವ್ವಾ ಅಳ್ತೀಯಾ?"

"ಏನಿಲ್ಲ ಕಣಪ್ಪ. ಒಳ್ಳೇ ಮಗ ನೀನು. ಯಾವತ್ತೂ ಎದುರಾಡ್ದೋನಲ್ಲ."

ಬದುಕಿದ್ದವರ ವಿಷಯ ಹೀಗೆ ಯಾರೂ ಮಾತಾಡುವುದಿಲ್ಲ. ಹೆಂಡತಿ ಮಲ್ಲಿಕಾಂಬ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಅತ್ತೆಯ ಮೇಲೆ ಸಿಟ್ಟು ಬಂದಾಗಲೆಲ್ಲ ಅವಳು ಹಾಗೆ ಕೂರುವುದು.

ಜಗಲಿಗೆ ಬಂದರೆ ಜನ ಕಾದಿದ್ದರು. ಒಬ್ಬರು ಹೂವು ಕೊಟ್ಟರು, ಒಬ್ಬರು ಸುಮ್ಮನೆ ಮುಖ ನೋಡಿಕೊಂಡು ಹೋದರು. ಹಿಂದೆ ಪಟೇಲರಾಗಿದ್ದ ಮುದುಕ ಪುಟ್ಟಯ್ಯ ಕೋಲೂರಿಕೊಂಡು ಬಂದು, ಬಗ್ಗಿ, ತೀರ್ಥಪ್ಪನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಯ್ಯೋ, ಹಿರೀಕರು ನೀವು! ಇದೇನು ಪಟೇಲ್ರೇ?"

"ಇರ್ಲಿ ಬಿಡಪ್ಪ," ಎಂದರು ಪುಟ್ಟಯ್ಯ ಮೆತ್ತಗೆ. "ಸಂಜೆಗೆ ನೂಕುನುಗ್ಗಲು ಜಾಸ್ತಿ."

ದೇವರ ಮನೆಯಿಂದ ಕೋವಿ ಹೊರಗೆ ಬಂತು. ಮೊಣಕಾಲುದ್ದದ ಅದರ ಮೈಮೇಲೆ ತಲೆತಲಾಂತರದ ತುಪ್ಪ, ಕುಂಕುಮ, ವಿಭೂತಿ ಪದರಪದರವಾಗಿ ಕೂತು ಕಬ್ಬಿಣ ಯಾವುದು, ಪೂಜೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಜೀನಿಗೆ ತಗುಲಿಸಲು ಅದರ ಪಕ್ಕದಲ್ಲೊಂದು ಬಳೆಯಂಥ ಉಂಗುರ. ಗಾಳಿ ಎಂಬುದೇ ಇರಲಿಲ್ಲ, ಆದರೂ ಉಂಗುರ ಕಿಣಿಕಿಣಿ ಅಂದಿತು. ಕಂಬಳಿಯಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡಾಗ ತುಪ್ಪದ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೇಲೆದ್ದು ಬಂತು. ಓಡಿ ಬಂದ ಕುದುರೆಯ ಬೆವರಿನ ವಾಸನೆ. ಆ ಮನೆಯಲ್ಲಿ ಕುದುರೆ ಇಲ್ಲದೆ ಎರಡು ತಲೆಮಾರಿನ ಮೇಲಾಗಿತ್ತು.

ಬೀರೂರಿನ ಬಸ್ಸು ತುಂಬಿ ತುಳುಕುತ್ತಿತ್ತು. ತೀರ್ಥಪ್ಪ ಕೂತ ಸೀಟಿನಲ್ಲಿ ಮಾತ್ರ ಅವನೊಬ್ಬನೇ. ಪಕ್ಕದಲ್ಲಿ ಕೂತ ಹೆಂಗಸು ಎರಡು ನಿಮಿಷಕ್ಕೇ ಎದ್ದು, "ಈ ಕಂಬಳಿ ಬೆಚ್ಚಗೈತೆ ಕಣಮ್ಮ," ಎಂದು ಯಾರಿಗೋ ಹೇಳಿ, ಬೀರೂರಿನವರೆಗೂ ನಿಂತೇ ಬಂದಳು. ತೀರ್ಥಪ್ಪ ಕಂಬಳಿ ಮುಟ್ಟಿ ನೋಡಿದ. ನಿಜವಾಗಿಯೂ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡ. ಬಿಸಿಲು ಆಚೆ ಕಡೆಯ ಕಿಟಕಿಯಲ್ಲಿತ್ತು.

ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲಾಗಿ ನಿಂತಿದ್ದವು. ಕುದುರೆಗಳಿಗೆಲ್ಲ ಹಬ್ಬದ ಚೆಂಡುಹೂವಿನ ಹಾರ. ತೀರ್ಥಪ್ಪ ಅವುಗಳ ಮುಂದೆ ಹಾದುಹೋದ. ಹಿಂದಿನಿಂದ ಟಪಟಪ ಸದ್ದಾಯಿತು. ತಿರುಗಿದರೆ ಒಂದು ಕಂದು ಕುದುರೆ, ಜಟಕಾ ಸಮೇತ, ಒಳಗೆ ಕೂತ ದಂಪತಿ ಸಮೇತ, ಅವನ ಹಿಂದೆ ಬರುತ್ತಿತ್ತು. ಅವನು ನಿಂತರೆ ಅದು ನಿಂತಿತು. ಬೇಗ ನಡೆದರೆ ಬೇಗ ನಡೆಯಿತು. ಜಟಕಾ ಹೊಡೆಯುವ ಮುಕ್ತಿಯಾರ್ ಲಗಾಮು ಎಳೆದೆಳೆದು ಸೋತುಹೋದ.

"ರೀ ಸ್ವಾಮಿ! ಏನ್ ಮಾಟ ಮಾಡಿದ್ರೀ ನನ್ನ ಕುದುರೇಗೆ? ಕಡೂರಿನ ಬಸ್ಸಿಗೆ ಹೋಗ್ಬೇಕು ಇವ್ರು!"

"ನಾನೇನೂ ಮಾಡಿಲ್ಲಪ್ಪಾ!" ಎಂದು ತೀರ್ಥಪ್ಪ ಓಡತೊಡಗಿದ. ಕುದುರೆಯೂ ಓಡಿತು. ಒಳಗಿದ್ದ ದಂಪತಿ ಇಬ್ಬರು ಎರಡು ಕಡೆಯಿಂದ ಕೆಳಗೆ ಹಾರಿಕೊಂಡರು.

ಗುಲಾಮ್ ಮೊಹಿದ್ದೀನನ ಅಂಗಡಿ ಗೂಡ್ಸ್ ಷೆಡ್ಡಿನ ಹಿಂದೆ. ಬೀಗ, ಸ್ಟೌ, ಪೆಟ್ರೋಮ್ಯಾಕ್ಸು, ಹೊಲ ಕಾಯುವವರ ಕೇಪಿನ ಕೋವಿ, ಎಲ್ಲಕ್ಕೂ ಅವನೇ. ಆಯುಧಪೂಜೆಗೆ ಇಟ್ಟ ಹತಾರುಗಳನ್ನು ಊರಿನ ಬೇರೆ ಕೆಲಸಗಾರರು ಇನ್ನೂ ಮುಟ್ಟಿರಲಿಲ್ಲವಾದ್ದರಿಂದ ಅವತ್ತು ಬಾಗಿಲು ತೆರೆದಿದ್ದವನೂ ಅವನೊಬ್ಬನೇ. ತೀರ್ಥಪ್ಪ ಒಳಗೆ ನುಗ್ಗಿದ. ಕುದುರೆ ಬಾಗಿಲಲ್ಲಿ ತಲೆ ತೂರಿಸಿತು.

"ಬರ್ರೀ ತೀರ್ಥಪ್ನೋರೇ. ಇದು ಯಾರು, ನಿಮ್ಮ ಜೊತೇಲಿ ಬಂದೋರಾ?"

ಮೊಹಿದ್ದೀನ್ ಕಂಬಳಿ ಬಿಚ್ಚಿ ಕೋವಿಯನ್ನು ತಲೆಕೆಳಗು ಮಾಡಿದ. ನಳಿಗೆಯಿಂದ ಹುರುಳಿ ಸುರಿಯಿತು. ಕಪ್ಪಗಾದದ್ದು, ಹುಳ ಹಿಡಿದದ್ದು, ನಿನ್ನೆಯದು. ಸೇರುಗಟ್ಟಲೆ ಇರಬೇಕೇನೋ ಎನ್ನುವಂತೆ ಸುರಿಯುತ್ತಲೇ ಇತ್ತು. ಕುದುರೆ ಕತ್ತು ಚಾಚಿ ನೆಲ ನೆಕ್ಕತೊಡಗಿತು. ಆಗ ತೀರ್ಥಪ್ಪನಿಗೆ ಹೊಳೆಯಿತು. ಮಹಾನವಮಿಗೊಮ್ಮೆ ಮನೆಯ ಹೆಂಗಸರು ಅಜ್ಜನ ಕುದುರೆಗೆಂದು ಆ ನಳಿಗೆಗೆ ಒಂದು ಹಿಡಿ ಹುರುಳಿ ಹಾಕುವ ಪದ್ಧತಿ. ಸ್ಟೇಷನ್ನಿನಿಂದ ಅಂಗಡಿಯವರೆಗೆ ಅದು ದಾರಿಯುದ್ದಕ್ಕೂ ಉದುರಿತ್ತು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಕುದುರೆಯ ಹಣೆ ಸವರಿ "ಛೀ ಕಳ್ಳಾ" ಅಂದ.

ಸಮಾಧಾನದ ಭರದಲ್ಲೇ ಮನಸ್ಸಿನಲ್ಲಿದ್ದದ್ದನ್ನೂ ಹೇಳಿದ. "ಸಾಬ್ರೇ, ನಿಮಗೆ ಕೈ ಮುಗೀತೀನಿ. ನೋಡೋಕೆ ರಿಪೇರಿ ಆದಂಗಿರ್ಬೇಕು. ಹಾರ್ಬಾರ್ದು."

ಮೊಹಿದ್ದೀನ್ ಕನ್ನಡಕ ತೆಗೆದ. "ಕೆಟ್ಟಿರೋದು ಸರಿಮಾಡಿ ಅಂತ ಬಂದೋರ್ನ ನೋಡಿದೀನಿ. ಸರಿಮಾಡಿ, ಆಮೇಲೆ ಕೆಡಿಸಿ ಅಂತ ಬಂದೋರು ನೀವೇ ಮೊದಲು."

"ಹಾರಿದ್ರೆ ನಾನು ಸಾಯ್ತೀನಿ ಸಾಬ್ರೇ. ನಮ್ಮ ತಾತ ಸತ್ರು."

ಮೊಹಿದ್ದೀನ್ ಬಾಯಿಬಡುಕ, ಆದರೆ ಕಟುಕನಲ್ಲ. ಸ್ವಲ್ಪ ಯೋಚಿಸಿ, "ಕೆಲ್ಸ ಮಾತ್ರ ನಾನು ಕೆಡ್ಸಲ್ಲ. ಕೋವಿ ಸರಿ ಮಾಡ್ತೀನಿ. ಆದ್ರೆ ಮದ್ದಿಗೆ ಕಿಡಿ ಹತ್ತಿಸೋ ಕೇಪು ಕೊಡೋನು ನಾನೇ ತಾನೇ? ಮಳೇಲಿ ನೆಂದು ಸತ್ತೋಗಿರೋದೊಂದು ಐತೆ. ಅದ್ನ ಇಟ್ಟು ಹೊಡೀರಿ. ಟಕ್ ಅಂತೈತೆ, ಅಷ್ಟೇ. ಆಮೇಲೆ ನಿಮ್ಮ ಬಾಯಿ ಇದ್ದೇ ಐತಲ್ಲ," ಅಂದ.

ತೀರ್ಥಪ್ಪನಿಗೆ ಹೋದ ಜೀವ ಬಂತು. ಮೊಹಿದ್ದೀನ್ ಸೀಮೆಎಣ್ಣೆಯಲ್ಲಿ ಕೋವಿಯನ್ನು ನೆನೆಸಿ, ತಲೆಮಾರುಗಳ ಕುಂಕುಮ ಕೆರೆದ. ಕೇಪಿನ ಮೇಲೆ ಬಡಿಯುವ ಸುತ್ತಿಗೆ ತುಪ್ಪದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು, ಅದನ್ನು ಕದಲಿಸಿದ. ಹಳೇ ಬೀಗದ ಸ್ಪ್ರಿಂಗೊಂದನ್ನು ಬಗ್ಗಿಸಿ ಒಳಗೆ ಕೂರಿಸಿದ. ಕೇಪಿನಿಂದ ಕಿಡಿ ಒಳಹೋಗುವ ಸಣ್ಣ ತೂತನ್ನು ಸ್ಟೌ ಪಿನ್ನಿನಿಂದ ಚುಚ್ಚಿ ಚುಚ್ಚಿ ಬಿಡಿಸಿದ. ದಾರಿ ಸುಗಮವಾಯಿತೇ ನೋಡಲು ನಳಿಗೆಗೆ ಬಾಯಿಟ್ಟು ಜೋರಾಗಿ ಊದಿದ.

ತೂತಿನ ಹತ್ತಿರ ಹಿಡಿದಿದ್ದ ಬೆರಳಿಗೆ ಏನೂ ತಾಕಲಿಲ್ಲ. ಮತ್ತೆ ಊದಿದ. ಇಲ್ಲ. ಬಾಯಿ ತೆಗೆದು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿಗೆ ಕೈ ಚಾಚಿದ. ಆಗ ಉಸಿರು ಬಂತು. ತೂತಿನಿಂದ ಅಲ್ಲ, ನಳಿಗೆಯ ಬಾಯಿಂದ. ಮೊಹಿದ್ದೀನನ ಗಡ್ಡ ಅಲುಗಾಡಿದ್ದನ್ನು ತೀರ್ಥಪ್ಪ ಕಣ್ಣಾರೆ ಕಂಡ. ಬಾಗಿಲಲ್ಲಿ ಹುರುಳಿ ಮೇಯುತ್ತಿದ್ದ ಕುದುರೆ ತಲೆಯೆತ್ತಿ, ಕಿವಿ ನಿಮಿರಿಸಿ ನಿಂತಿತು.

ಮೊಹಿದ್ದೀನ್ ಎದ್ದು ಕೈಕಾಲು ಮುಖ ತೊಳೆದುಕೊಂಡು ಬಂದ. ಕೋವಿಯನ್ನು ತಾನೇ ಕಂಬಳಿಯಲ್ಲಿ ಸುತ್ತಿದ.

"ತಗೊಂಡೋಗಿ. ಕೂಲಿ ಬ್ಯಾಡ."

"ಒಳಗೆ ಗಾಳಿ ಸಿಕ್ಕೊಂಡಿತ್ತೇನೋ ಸಾಬ್ರೇ?"

"ಇರ್ಬೌದು," ಎಂದ ಮೊಹಿದ್ದೀನ್, ಕೋವಿಯ ಕಡೆ ನೋಡದೆ. "ಲಾಯದ ವಾಸ್ನೆ ಇತ್ತು ಆ ಗಾಳೀಗೆ."

ಬಸ್ಸು ಹೊರಟುಹೋಗಿತ್ತು. ಕುದುರೆ ಹೇಗೂ ಅವನನ್ನು ಬಿಡುವಂತಿರಲಿಲ್ಲ. ಮುಕ್ತಿಯಾರ್ ಹಣೆ ಚಚ್ಚಿಕೊಂಡು, "ಹತ್ತಿ ಸ್ವಾಮಿ, ಎಲ್ಲಿಗಾದ್ರೂ ಬಿಡ್ತೀನಿ," ಅಂದ. ಸುಡು ಮಧ್ಯಾಹ್ನ. ತೆನೆ ಕಟ್ಟುತ್ತಿದ್ದ ರಾಗಿ ಹೊಲಗಳ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೀರೂರಿನ ಬೀದಿಯಲ್ಲಿ ತೂಕಡಿಸುತ್ತ ನಡೆಯುವ ಕುದುರೆ ಈಗ ಕತ್ತು ಮೇಲೆತ್ತಿ, ಲಗಾಮು ಕೇಳದೆ ಓಡುತ್ತಿತ್ತು. ಕೋವಿಯ ಉಂಗುರ ಅದರ ಗೊರಸಿನ ತಾಳಕ್ಕೆ ಸರಿಯಾಗಿ ಕಿಣಿಕಿಣಿ ಎನ್ನುತ್ತಿತ್ತು. ಅಜ್ಜಂಪುರದ ರಸ್ತೆಯಿಂದ ಸವಾರನಹಳ್ಳಿಗೆ ಒಡೆಯುವ ಮಣ್ಣುದಾರಿ ಬಂದಾಗ ಅದು ತಾನಾಗಿಯೇ ತಿರುಗಿತು.

"ನಮ್ಮೂರಿಗೆ ಮುಂಚೆ ಬಂದಿದ್ಯೇನಪ್ಪಾ?" ಎಂದು ತೀರ್ಥಪ್ಪ ಕೇಳಿದ.

"ನಾನೂ ಬಂದಿಲ್ಲ, ನನ್ನ ಕುದುರೇನೂ ಬಂದಿಲ್ಲ," ಎಂದ ಮುಕ್ತಿಯಾರ್. ತೀರ್ಥಪ್ಪ ಜೇಬಿನಲ್ಲಿದ್ದ ಸತ್ತ ಕೇಪನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. ಈಗ ಅವನ ಜೀವವೆಲ್ಲ ಅದರಲ್ಲಿತ್ತು.

ಸಂಜೆ ಬನ್ನಿಮರದ ಸುತ್ತ ಸುತ್ತಲಿನ ಹಳ್ಳಿಗಳೆಲ್ಲ ನೆರೆದಿದ್ದವು. ಹೋದ ವರ್ಷ ನಕ್ಕವರೂ ಬಂದಿದ್ದರು. ರೇವಣಪ್ಪ ಎಲ್ಲಿಂದಲೋ ಮದ್ದು ತಂದು ತನ್ನ ಕೈಯಾರೆ ಕೋವಿಗೆ ತುಂಬಿದ, ಬಟ್ಟೆ ಜಡಿದ. ಗುಂಡು ಹಾಕಬೇಕು ಎನ್ನುವಷ್ಟರಲ್ಲಿ ಕಲ್ಲಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು, "ತಡೆಯೋ, ನಳಿಗೆ ಖಾಲಿ ಮಾಡ್ಸಿದೀರಲ್ಲ, ಕುದುರೆ ಹಸ್ಕೊಂಡಿರತ್ತೆ," ಎಂದು ಎರಡು ಹಿಡಿ ಹುರುಳಿ ಸುರಿದು, ಗಜಕಡ್ಡಿಯಿಂದ ಗಟ್ಟಿಯಾಗಿ ಒತ್ತಿದಳು. ಗುಂಡಿಗೆ ಜಾಗವೇ ಉಳಿಯಲಿಲ್ಲ.

ತೀರ್ಥಪ್ಪ ಕೇಪನ್ನು ಎಲ್ಲರಿಗೂ ಕಾಣುವಂತೆ ಇಟ್ಟ. ಗುರಿ ಹಿಡಿದ. ಕಣ್ಣು ಕೂಡ ಮುಚ್ಚಲಿಲ್ಲ. ಎಂದೂ ಇಲ್ಲದ ಆ ಧೈರ್ಯ ನೋಡಿ ಮಲ್ಲಿಕಾಂಬಳಿಗೇ ಆಶ್ಚರ್ಯವಾಯಿತು. ಟ್ರಿಗರ್ ಎಳೆದ. ಟಕ್ ಅಂದಿತು.

"ಢಂ!" ಎಂದ ತೀರ್ಥಪ್ಪ, ಜನ್ಮದಲ್ಲೇ ಅನ್ನದಷ್ಟು ಜೋರಾಗಿ.

ಯಾರೂ ನಗಲಿಲ್ಲ. ಅದೇ ಅವನಿಗೆ ವಿಚಿತ್ರವಾಗಿ ಕಂಡಿತು. ರೇವಣಪ್ಪ ಬಂದು ಕೇಪನ್ನು ಉಗುರಲ್ಲಿ ಕಿತ್ತು ಮೂಸಿ ನೋಡಿ, "ನೆಂದ ಮಾಲು ಕೊಟ್ಟವ್ನೆ ಸಾಬಿ," ಎಂದು ಬಿಸಾಕಿ, ತನ್ನ ಜೇಬಿನಿಂದ ಫಳಫಳ ಹೊಳೆಯುವ ಹೊಸದನ್ನು ತೆಗೆದು ಕೂರಿಸಿದ. ಸುತ್ತಿಗೆಯನ್ನೂ ತಾನೇ ಹಿಂದಕ್ಕೆಳೆದ. "ಹೂಂ, ಈಗ ಹೊಡಿಯಣ್ಣ."

ಇಷ್ಟು ಜನರ ಮುಂದೆ ಕೋವಿ ಎಸೆದು ಓಡಿಹೋಗಬಹುದಿತ್ತು. ಹಾಗೆ ಮಾಡಲೇ ಎಂದು ತೀರ್ಥಪ್ಪ ಹೆಂಡತಿಯ ಕಡೆ ನೋಡಿದ. ಅವಳು ಓಡಿಹೋಗಿ ಎಂಬಂತೆಯೇ ಕಣ್ಣು ಮಾಡಿದಳು. ಆದರೆ ಬೆರಳು ಅವನಿಗಿಂತ ಮೊದಲೇ ಏನನ್ನೋ ನಿರ್ಧರಿಸಿತ್ತು. ತಾನು ಎಳೆದೆನೇ, ಅದೇ ಎಳೆಯಿತೇ ಎಂದು ಅವನಿಗೆ ಆಮೇಲೂ ತಿಳಿಯಲಿಲ್ಲ.

ಭೂಮಿ ಬಿರಿದ ಹಾಗಾಯಿತು. ಕೋವಿಯ ಹಿಡಿ ದವಡೆಗೆ ಗುದ್ದಿತು. ತೀರ್ಥಪ್ಪ ಹಿಂದಕ್ಕೆ ಹಾರಿ ಸೊಂಟದ ಮೇಲೆ ಬಿದ್ದ. ಹುರುಳಿ ತಗುಲಿ ಜರಡಿಯಾದ ಬಾಳೆಕಂಬ ಮೆಲ್ಲಗೆ ವಾಲಿ ಬಿತ್ತು. ದಟ್ಟ ಹೊಗೆ ಎಲ್ಲರನ್ನೂ ಮುಚ್ಚಿತು.

ಕಣ್ಣು ಬಿಟ್ಟಾಗ ಜಗತ್ತಿನಲ್ಲಿ ಸದ್ದೇ ಇರಲಿಲ್ಲ. ಹೊಗೆಯ ಆಚೆ ಜನರ ಬಾಯಿಗಳು ಆಡುತ್ತಿದ್ದವು, ಮಾತಿಲ್ಲ. ಸತ್ತೆ ಎಂದುಕೊಂಡ ತೀರ್ಥಪ್ಪ. ಸತ್ತ ಮೇಲೂ ದವಡೆ ನೋಯುತ್ತದೆ ಎಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಬೇಜಾರಾಯಿತು. ಎದ್ದು ನಿಂತ. ಸೊಂಟ ಹಿಡಿದುಕೊಂಡಿದ್ದರಿಂದ ಕಾಲುಗಳನ್ನು ಅಗಲಿಸಿಕೊಂಡೇ ನಾಲ್ಕು ಹೆಜ್ಜೆ ಹಾಕಿದ. ಅವನು ಮುಂದೆ ಬಂದಂತೆ ಜನ ಹಿಂದೆ ಸರಿದರು. ಅಷ್ಟರಲ್ಲಿ ಮುಕ್ತಿಯಾರನ ಕುದುರೆ ಕಟ್ಟಿದ್ದ ಹಗ್ಗ ಕಿತ್ತುಕೊಂಡು ಹೊಗೆಯೊಳಗೆ ಬಂದು, ಅಂಗಿಯ ಮೇಲೆಲ್ಲ ಸಿಡಿದಿದ್ದ ಹುರುಳಿಗೆ ಮೂತಿಯಿಟ್ಟು ಅವನ ಎದೆಗೆ ತಲೆಯೊರಗಿಸಿತು. ಇಡೀ ಬಯಲು ಒಮ್ಮೆಗೇ ಮಂಡಿಯೂರಿತು.

ಕಿವಿ ಮೆಲ್ಲಗೆ ಬಿಟ್ಟುಕೊಂಡಿತು. ಮೊದಲು ಕೇಳಿದ್ದು ತಾಯಿಯ ದನಿ.

"ಬಂದ್ಯಾ ಅಜ್ಜಾ! ಎಷ್ಟು ವರ್ಷ ಕಾಯಿಸಿದ್ಯಲ್ಲೋ ತಂದೇ!"

"ಅವ್ವಾ, ನಾನು ಕಣವ್ವಾ. ತೀರ್ಥ." ಹೊಗೆ ಕುಡಿದ ಗಂಟಲಿನಿಂದ, ಊದಿದ ದವಡೆಯಿಂದ ಬಂದ ಆ ದನಿ ಅವನಿಗೇ ಪರಿಚಯವಿರಲಿಲ್ಲ.

"ಹಿಂಗೇ ಅಂದಿದ್ರು," ಎಂದರು ಪುಟ್ಟಯ್ಯ, ಕೈಮುಗಿದುಕೊಂಡೇ. "ನಾನಾಗ ಹುಡುಗ. ಓಂಕಾರಪ್ಪ, ನಾನು ಓಂಕಾರಪ್ಪ ಅಂತ್ಲೇ ಎದ್ದು ಬಂದ್ರು."

"ತಾತ ಅವತ್ತೇ ಸತ್ರಲ್ಲಾ!"

"ತಾತ ಅವತ್ತೇ ಸತ್ರು," ಎಂದಳು ಕಲ್ಲಮ್ಮ, ಎಳೆಮಗುವಿಗೆ ತಿಳಿಹೇಳುವ ಹಾಗೆ. "ಅವರ ಮೈಯಲ್ಲಿ ಎದ್ದಿದ್ದು ನೀನು. ಒಂಬತ್ತು ವರ್ಷ ದೇವರ ಮನೇಲಿದ್ದೆ. ನಾನು ಸೊಸೆಯಾಗಿ ಬಂದಾಗ ನಿನಗೆ ಎಡೆ ಇಡ್ತಿದ್ದೋಳು ನಾನೇ. ದಿನಾ ಬೇಯಿಸಿದ ಹುರುಳಿ, ಉಪ್ಪಿಲ್ದೆ. ಮೊದಮೊದ್ಲು ಬಾಗ್ಲು ತೆಗೀರಿ, ಬಾಗ್ಲು ತೆಗೀರಿ ಅಂತ ಕೂಗ್ತಿದ್ಯಂತೆ. ಆಮೇಲಾಮೇಲೆ ಸಮಾಧಾನ ಆದೆ. ಆ ಒಂಬತ್ತು ವರ್ಷ ಮನೇಲಿ ಒಂದು ಕರು ಸಾಯ್ಲಿಲ್ಲ."

ತೀರ್ಥಪ್ಪನಿಗೆ ಸಾವೇ ವಾಸಿಯಾಗಿತ್ತು ಅನ್ನಿಸಿದ್ದು ಆಗ. ಬೆಳಿಗ್ಗೆಯ ಎಣ್ಣೆನೀರು, ಪುಟ್ಟಯ್ಯನ ನಮಸ್ಕಾರ, ತಾಯಿಯ ಕಾತರ ಎಲ್ಲ ಈಗ ಅರ್ಥವಾಯಿತು. ಅವರೆಲ್ಲ ಅವನನ್ನು ಕಳಿಸಿಕೊಟ್ಟಿರಲಿಲ್ಲ, ಇನ್ನೊಬ್ಬನನ್ನು ಎದುರುಗೊಂಡಿದ್ದರು.

"ಮಲ್ಲೀ," ಎಂದು ಹೆಂಡತಿಯ ಕಡೆ ತಿರುಗಿ ಅಳುವ ದನಿಯಲ್ಲಿ ಕರೆದ. "ನೀನಾದ್ರೂ ಹೇಳೇ!"

ಮಲ್ಲಿಕಾಂಬ ಮುಂದೆ ಬಂದಳು. ಅವಳ ಮುಖ ಬಿಳಿಚಿತ್ತು, ಆದರೆ ತಲೆ ಓಡುತ್ತಿತ್ತು. "ಅತ್ತೇ, ಒಂದು ಮಾತು. ಇವ್ರು ಅಜ್ಜನೇ ಆಗಿದ್ರೆ ಕುದುರೆ ಹೆಸರು ಹೇಳ್ಲಿ. ಹುರುಳಿ ಹಾಕೋವಾಗ ನಾವು ನಳಿಗೆಯೊಳಕ್ಕೆ ಕೂಗ್ತೀವಲ್ಲ, ಆ ಹೆಸರು. ಅತ್ತೆಯಿಂದ ಸೊಸೆಗೆ ಬರೋದು ಅದು, ಈ ಮನೆ ಗಂಡಸ್ರಿಗೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ದಿದ್ರೆ ಇವ್ರು ನನ್ನ ಗಂಡ. ಮನೇಗೆ ಕರ್ಕೊಂಡ್ ಹೋಗ್ತೀನಿ."

ಜನ ತಲೆದೂಗಿದರು. ಕಲ್ಲಮ್ಮನೂ ಒಪ್ಪಿದಳು. ತೀರ್ಥಪ್ಪನಿಗೆ ಹೆಂಡತಿಯ ಕಾಲಿಗೆ ಬೀಳೋಣ ಅನ್ನಿಸಿತು. ಅವನಿಗೆ ಆ ಹೆಸರು ನಿಜಕ್ಕೂ ಗೊತ್ತಿರಲಿಲ್ಲ.

"ನಂಗೊತ್ತಿಲ್ಲ!" ಎಂದ ಖುಷಿಯಿಂದ.

"ಗೊತ್ತಿದ್ದೂ ಹೇಳ್ದೆ ಇರ್ಬೌದು," ಎಂದ ರೇವಣಪ್ಪ. "ಒಂದು ಹೆಸರು ಅಂತ ಹೇಳ್ಲೇಬೇಕು."

ಆಯಿತು, ತಪ್ಪು ಹೆಸರು ಹೇಳಿದರಾಯಿತು. ಆದರೆ ರಾಜ, ಬಿಜಲಿ ಎಂದೇನಾದರೂ ಹೇಳಿ ಅದೇ ಸರಿಯಾಗಿಬಿಟ್ಟರೆ? ಲೋಕದಲ್ಲಿ ಯಾರೂ ಕುದುರೆಗೆ ಇಡದಂಥ ಹೆಸರು ಬೇಕು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಬ್ಬದಡಿಗೆ ನೆನಪಾಯಿತು. ಅದರಲ್ಲೂ ಹೆಂಡತಿ ಮಾಡುವ ಪಾಯಸ ನೆನಪಾಯಿತು.

"ಸಬ್ಬಕ್ಕಿ," ಎಂದ ತೀರ್ಥಪ್ಪ, ನಗು ಬಾರದಂತೆ ತುಟಿ ಕಚ್ಚಿಕೊಂಡು.

ಕಲ್ಲಮ್ಮ ಕೂತಲ್ಲೇ ಹಣೆಯನ್ನು ನೆಲಕ್ಕೆ ಹಚ್ಚಿದಳು. ತೀರ್ಥಪ್ಪ ಅವಳನ್ನು ನೋಡಲಿಲ್ಲ. ಮಲ್ಲಿಕಾಂಬಳನ್ನು ನೋಡಿದ. ಅವಳ ಬಾಯಿ ತೆರೆದಿತ್ತು. ನೋಡನೋಡುತ್ತ ಅವಳ ಕಣ್ಣಿನಿಂದ ಅವನು ಹೊರಗೆ ಹೋದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಅವನೆದುರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಿಂದೆ ಹಿಂದೆ ಸರಿದು ನಿಂತಳು.

"ತಪ್ಪಾಯ್ತು ಅಜ್ಜಾ," ಎಂದಳು ನೆಲ ನೋಡಿಕೊಂಡು.

"ಮೈಯೆಲ್ಲ ಬಿಳಿ, ಸಬ್ಬಕ್ಕಿ ಚೆಲ್ಲಿದಂಗೆ ಚುಕ್ಕೆಯಂತೆ," ಎಂದು ಕಲ್ಲಮ್ಮ ಬಿಕ್ಕಿದಳು. "ನಮ್ಮತ್ತೆ ಹೇಳಿದ್ರು."

ಊರು ಬನ್ನಿಸೊಪ್ಪು ಕಿತ್ತು ಮೊದಲು ಅವನ ಪಾದಕ್ಕೆ ಹಾಕಿತು. ಮುಕ್ತಿಯಾರ್ ಅಂಗಲಾಚುತ್ತಿದ್ದರೂ ಕೇಳದೆ ಅವನನ್ನು ಕಂದು ಕುದುರೆಯ ಮೇಲೆ ಕೂರಿಸಿತು. ಜೀನಿಲ್ಲದ ಬೆನ್ನಿನ ಮೇಲೆ ಜಾರಿ ಬಿದ್ದೇಬಿಡುತ್ತೇನೆ, ಆಗಲಾದರೂ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡ ತೀರ್ಥಪ್ಪ. ಎಮ್ಮೆ ಕೂಡ ಏರದಿದ್ದ ಅವನ ಮಂಡಿಗಳು ಕುದುರೆಯ ಪಕ್ಕೆಯನ್ನು ಹದವಾಗಿ ಅವುಚಿ ಹಿಡಿದವು. ಅವನು ಬೀಳಲಿಲ್ಲ. ರೇವಣಪ್ಪ ದೇವರ ಮನೆ ಗುಡಿಸಿ, ಹೊರಗಿನ ಚಿಲಕಕ್ಕೆ ಎಣ್ಣೆ ಬಿಡಲು ಮುಂಚೆಯೇ ಓಡಿದ್ದ.

ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು. ದೇವರ ಮನೆಯ ಮಣೆಯ ಮೇಲೆ ತೀರ್ಥಪ್ಪ, ಪಕ್ಕದಲ್ಲಿ ಕೋವಿ, ಮುಂದೆ ತಟ್ಟೆಯಲ್ಲಿ ಬೇಯಿಸಿದ ಹುರುಳಿ. ಅಡುಗೆಮನೆಯಿಂದ ಏಲಕ್ಕಿ, ಹಾಲು, ಬೆಲ್ಲ ಕೂಡಿದ ವಾಸನೆ ತೇಲಿ ಬಂತು. ಅವನ ಕಣ್ಣಲ್ಲಿ ನೀರು ಬಂತು.

"ಅವ್ವಾ," ಎಂದು ಬಾಗಿಲ ಸಂದಿನಲ್ಲಿ ಕೂಗಿದ, "ಒಂದು ಲೋಟ ಪಾಯಸನಾದ್ರೂ ಕೊಡ್ರೇ!"

ಆಚೆ ಕಡೆ ಕಲ್ಲಮ್ಮನ ಬಳೆ ಸದ್ದಾಯಿತು. ಅವಳ ದನಿ ತುಂಬ ಮೃದುವಾಗಿತ್ತು.

"ಅದು ತೀರ್ಥನ ಎಡೆಗೆ ಕಣಜ್ಜಾ. ಅವನಿಗೆ ಸಬ್ಬಕ್ಕಿ ಪಾಯಸ ಅಂದ್ರೆ ಪ್ರಾಣ."

ಹೊರಗಿನಿಂದ ಚಿಲಕ ಹಾಕಿದ್ದ ಬಾಗಿಲನ್ನು ತೀರ್ಥಪ್ಪ ಒಮ್ಮೆ ತಳ್ಳಿ ನೋಡಿ, ಮಣೆಗೆ ಮರಳಿದ. ಆಮೇಲೆ ಹಸಿವು ತಡೆಯಲಾರದೆ ಒಂದು ಹಿಡಿ ಹುರುಳಿಯನ್ನು ಬಾಯಿಗೆ ಹಾಕಿಕೊಂಡು ಅಗಿದ. ಉಪ್ಪಿರಲಿಲ್ಲ. ಆದರೂ ರುಚಿಯಾಗಿತ್ತು. ಇನ್ನೊಂದು ಹಿಡಿ ತೆಗೆದುಕೊಂಡ.